ಸಾಲು ಫೋನಿಗೆ ಐದು ಮನೆ

ಹೋದ ಭಾನುವಾರ ರತ್ನಕ್ಕನ ಮನೆಯ ಜಗುಲಿಯ ಮೇಲೆ ಒಂದು ಮದುವೆ ಕಾಗದ ಬೋರಲು ಬಿದ್ದಿತ್ತು. ಬರಹ ಇರುವ ಕಾಗದವನ್ನು ದಾಟಿ ಹೋಗುವುದು ನನ್ನಿಂದ ಆಗದ ಕೆಲಸ. ಹೊಸೂರಿನಲ್ಲಿ ಕೂತು ಪತ್ರಿಕೆಗೆ ಸುದ್ದಿ ಬರೆದೇ ಮುದುಕನಾದವನು ನಾನು. ವಡೆ ಕಟ್ಟಿಕೊಟ್ಟ ಕಾಗದವನ್ನೂ ಎಣ್ಣೆ ಒರೆಸಿ ಓದುತ್ತೇನೆ. ಎತ್ತಿಕೊಂಡು ನೋಡಿದರೆ ಹಿಂಬದಿಯಲ್ಲಿ ಸಾಲಾಗಿ ಚೌಕಗಳು. ಪ್ರತಿ ಚೌಕದ ನಡುವೆ ಒಂದು ಗೆರೆ, ಎಡಕ್ಕೆ ಒಂದು ಅಂಕಿ, ಬಲಗಡೆಯಿಂದ ಹೊರಟ ಬಾಣ ಮುಂದಿನ ಚೌಕಕ್ಕೆ. ಕೆಳಗೆ ಅದೇ ಚಿತ್ರ ಇನ್ನೊಮ್ಮೆ, ಕೆಂಪು ಶಾಯಿಯಲ್ಲಿ ಒಂದು ಬಾಣಕ್ಕೆ ಕಾಟು ಹೊಡೆದು.

"ರೈಲಾ?" ಎಂದೆ.

"ಅಲ್ಲ ಮಾಮ, ನಾಳೆ ಪಾಠ," ಎಂದಳು ಶೈಲಾ. ಅಕ್ಕನ ಮಗಳು, ಕೃಷ್ಣಗಿರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ, ವಾರಕ್ಕೊಮ್ಮೆ ಊರಿಗೆ ಬರುತ್ತಾಳೆ. "ಲಿಂಕ್ಡ್ ಲಿಸ್ಟ್ ಅಂತ. ಕೂತ್ಕೊಳ್ಳಿ, ನಿಮಗೆ ಅರ್ಥ ಆದ್ರೆ ನನ್ನ ಕ್ಲಾಸಿನ ಮಕ್ಕಳಿಗೂ ಆಗುತ್ತೆ."

ಈ ಮಾತನ್ನು ಹೊಗಳಿಕೆ ಎಂದು ತೆಗೆದುಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಲೇ ಕೂತೆ. ಅವಳು ಹೇಳಿದ್ದು ಇಷ್ಟು. ಪ್ರತಿ ಚೌಕವೂ ಎರಡೇ ಸಂಗತಿ ಇಟ್ಟುಕೊಂಡಿರುತ್ತದೆ: ತನ್ನೊಳಗಿನ ಸಾಮಾನು ಒಂದು, ಮುಂದಿನ ಚೌಕದ ವಿಳಾಸ ಇನ್ನೊಂದು. ಅದರಾಚೆಗೆ ಯಾರಿದ್ದಾರೆ, ಒಟ್ಟು ಎಷ್ಟು ಜನ, ಕೊನೆಯವರು ಯಾರು, ಇದೊಂದೂ ಅದಕ್ಕೆ ಗೊತ್ತಿಲ್ಲ. ಚೌಕಗಳು ಪಕ್ಕಪಕ್ಕದಲ್ಲಿ ಇರಬೇಕೆಂದೂ ಇಲ್ಲ. ಕಂಪ್ಯೂಟರಿನ ನೆನಪಿನಲ್ಲಿ ಎಲ್ಲೆಲ್ಲೋ ಬಿದ್ದಿರಬಹುದು, ವಿಳಾಸ ಸರಿಯಿದ್ದರೆ ಸಾಕು.

"ಒಂದನ್ನ ಸೇರಿಸೋದು ಹೇಳಿಕೊಟ್ಟಾಯ್ತು. ನಾಳೆ ಒಟ್ಟಿಗೆ ನಾಲ್ಕೈದು ಸೇರಿಸೋದು. ಪ್ರತಿ ವರ್ಷ ಮಕ್ಕಳು ಎಡವೋದು ಇಲ್ಲೇ."

"ಎಲ್ಲಿ?"

"ಹೊಸ ಚೌಕಗಳನ್ನ ಒಂದಕ್ಕೊಂದು ಚೆನ್ನಾಗೇ ಕಟ್ತಾರೆ. ಹಳೇ ಸಾಲನ್ನ ನಡುವೆ ಬಿಡಿಸಿ, ಬಾಣವನ್ನ ಹೊಸದರ ಕಡೆ ತಿರುಗಿಸ್ತಾರೆ. ಹೊಸದರ ಕೊನೆಯಿಂದ ಹಳೇ ಸಾಲಿನ ಉಳಿದ ಭಾಗಕ್ಕೆ ಕಟ್ಟೋದನ್ನ ಮರೀತಾರೆ. ಆ ಉಳಿದವು ಎಲ್ಲೂ ಹೋಗಿರಲ್ಲ ಮಾಮ, ಅಲ್ಲೇ ಇರ್ತವೆ. ಅವನ್ನ ಮುಟ್ಟೋ ದಾರಿ ಇರಲ್ಲ ಅಷ್ಟೆ."

ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ಅಲ್ಲಿಂದಲೇ ಕೂಗಿದಳು: "ಅದನ್ನ ಕಾಲೇಜ್ ಮಕ್ಕಳೇ ಮಾಡ್ಬೇಕೇನೇ? ನಿಮ್ಮಾಮ ಮಾಡಿದ್ನಲ್ಲ! ಆ ಉಳಿದಿದ್ರಲ್ಲಿ ಕೊನೇದು ನಾನೇ ಅಲ್ವಾ?"

ಶೈಲಾ ನಗಲಿಲ್ಲ. ನಾನು ಮದುವೆ ಕಾಗದದ ಮುಂಬದಿ ತಿರುಗಿಸಿ, ವರನ ತಂದೆಯ ಹೆಸರನ್ನು ಬಹಳ ಆಸಕ್ತಿಯಿಂದ ಓದಿದೆ.

ಅಕ್ಕ ಹೇಳಿದ್ದು ನಿಜ. ಅದನ್ನು ನಿಮಗೂ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಹಳೆಯ ವಿಷಯ, ಯಾಕೆಂದರೆ ಈ ತಪ್ಪು ನನಗೆ ಹೊಸದಲ್ಲ.

ಕೈಬರಹದ ಕಾಲದಲ್ಲಿ ಸುದ್ದಿಯನ್ನು ಬಿಡಿ ಹಾಳೆಗಳಲ್ಲಿ ಬರೆದು, ಬೆಂಗಳೂರು ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಕಳಿಸುತ್ತಿದ್ದೆವು. ಹಾಳೆಗಳು ಅದಲುಬದಲಾಗದಂತೆ ಪ್ರತಿಯೊಂದರ ಕೆಳಗೆ 'ಮುಂದೆ ೨', 'ಮುಂದೆ ೩' ಎಂದು ಬರೆಯಬೇಕು. ಒಮ್ಮೆ ರಾಯಕೋಟೆ ಮಾರುಕಟ್ಟೆಯ ಟೊಮೆಟೊ ಬಗ್ಗೆ ಬರೆದೆ. ಬಸ್ಸು ಹೊರಡುವ ಮುನ್ನ ನೆನಪಾಯಿತೆಂದು ಎರಡನೆಯ ಹಾಳೆ ಆದಮೇಲೆ ಇನ್ನೂ ಎರಡು ತುರುಕಿದೆ. ಎರಡರ ಕೆಳಗೆ 'ಮುಂದೆ ೨ಅ' ಎಂದು ತಿದ್ದಿದೆ, ೨ಅ ಕೆಳಗೆ 'ಮುಂದೆ ೨ಆ' ಎಂದೆ. ೨ಆ ಕೆಳಗೆ ಏನೂ ಬರೆಯಲಿಲ್ಲ. ಡೆಸ್ಕಿನವರು ಶಿಸ್ತಿನ ಜನ. ಮುಂದೆ ಎಂದಿಲ್ಲವೆಂದರೆ ಮುಗಿಯಿತು ಎಂದರ್ಥ. ಮರುದಿನ ಪತ್ರಿಕೆಯಲ್ಲಿ ನನ್ನ ವರದಿ ಹೀಗೆ ಕೊನೆಗೊಂಡಿತ್ತು: 'ಈ ಬಗ್ಗೆ ರೈತರು ಹೇಳುವುದೇನೆಂದರೆ.' ಪೂರ್ಣವಿರಾಮ. ರೈತರು ಏನು ಹೇಳಿದರೆಂದು ಕೇಳಿ ಕಚೇರಿಗೆ ಮೂರು ಕಾಗದ ಬಂದವಂತೆ. ಅಷ್ಟು ಓದುಗರನ್ನು ನಾನು ಬೇರೆ ಯಾವ ವರದಿಯಿಂದಲೂ ಗಳಿಸಲಿಲ್ಲ.

ಅಕ್ಕನಿಗಾದರೆ ಈ ವಿದ್ಯೆ ಚಿಕ್ಕವಳಿದ್ದಾಗಲೇ ಬಂದಿತ್ತು. ನಮ್ಮೂರು ಸಾನಮಾವು ಕಾಡಿನ ಅಂಚಿನಲ್ಲಿದೆ. ಇಸ್ಕೂಲಿಗೆ ಹೋಗುವ ದಾರಿಯಲ್ಲಿ ಅರ್ಧ ಮೈಲಿ ಕಾಡು. ನಾವು ಏಳೆಂಟು ಮಕ್ಕಳು ಒಬ್ಬರ ಹಿಂದೆ ಒಬ್ಬರು, ಮುಂದಿನವರ ಬಟ್ಟೆ ಚೀಲದ ತುದಿ ಹಿಡಿದು ನಡೆಯಬೇಕು. ಎಲ್ಲರಿಗಿಂತ ದೊಡ್ಡವಳೆಂದು ಅಕ್ಕ ಹಿಂದಿನ ತುದಿಯಲ್ಲಿ. "ಚೀಲ ನೋಡ್ಕೊಂಡ್ ನಡಿಲಾ, ಆಕಾಶ ನೋಡ್ಬೇಡ" ಎಂದು ಅವಳು ಬೆನ್ನಿಗೆ ಕೂಗುತ್ತಿದ್ದುದು ಬಹುತೇಕ ನನಗೇ. ಒಂದು ರಜೆ ಮುಗಿದ ಮೇಲೆ ಅಂಚೆಟ್ಟಿ ಕಡೆಯಿಂದ ಬಂದ ಚಿಕ್ಕಪ್ಪನ ನಾಲ್ಕು ಮಕ್ಕಳು ನಮ್ಮ ಜೊತೆ ಸೇರಿದರು. ಚಿಕ್ಕವರಾದ್ದರಿಂದ ನಡುವೆ ನಿಲ್ಲಬೇಕು. ನಾನು ಜಾಗ ಕೊಡಲೆಂದು ಮುಂದಿನವನ ಚೀಲ ಬಿಟ್ಟೆ. ಮುಂದಿನವರಿಗೆ ಅದು ಗೊತ್ತಾಗದೆ ನಡೆದೇ ಹೋದರು. ನಾವು ಹಿಂದಿನವರು ಕವಲುದಾರಿಯಲ್ಲಿ ಪಿಳಿಪಿಳಿ ನೋಡುತ್ತಾ ನಿಂತೆವು. ಅಕ್ಕ ಬಂದು ನನ್ನ ತಲೆಗೆ ಒಂದು ಕೊಟ್ಟು ಹೇಳಿದಳು: "ಹೊಸಬ್ರು ಮೊದ್ಲು ಹಿಡ್ಕೊಳ್ಳಿ. ಆಮೇಲೆ ನೀನು ಕೈ ಬುಡು."

ಶೈಲಾ ಈಗ ಒಂದು ಗಂಟೆ ಪಾಠ ಮಾಡುವುದು ಇದನ್ನೇ. ಅಕ್ಕ ಅರ್ಧ ನಿಮಿಷದಲ್ಲಿ ಮುಗಿಸಿದ್ದಳು. ಶಿಷ್ಯ ಮಾತ್ರ ಸರಿಯಿರಲಿಲ್ಲ.

ಈಗ ಸಾಲು ಫೋನಿನ ವಿಷಯ. ರಾಗಿ ತೆನೆ ಬಲಿಯುವ ಹೊತ್ತಿಗೆ ನಮ್ಮ ಕಡೆ ಆನೆ ಬರುತ್ತವೆ. ಊರಾಚೆ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು, ನಮ್ಮದೂ ಸೇರಿ ಹದಿನಾಲ್ಕು ಮನೆ. ಮೊದಲು ಎಲ್ಲರ ಹಾಗೆ ನಾವೂ ವಾಟ್ಸಾಪ್ ಗುಂಪು ಮಾಡಿದ್ದೆವು. ಬೆಳಗಿನ ಶುಭಾಶಯದ ಗುಲಾಬಿ ಹೂಗಳ ನಡುವೆ ಆನೆ ಬಂದದ್ದು ಯಾರಿಗೂ ಕಾಣಲಿಲ್ಲ. ಅರ್ಧ ಮನೆಗಳಲ್ಲಿ ಇರುವುದು ಬಟನ್ ಫೋನು ಬೇರೆ. ಆಮೇಲೆ ಕಾಡು ಕಾಯುವ ಕೆಲಸದಲ್ಲಿರುವ ಗೋಪಾಲಣ್ಣ ಒಂದು ಉಪಾಯ ಮಾಡಿದ. ಆನೆ ಕಂಡ ಕೂಡಲೆ ಅವನು ಒಂದು ಮನೆಗೆ ಫೋನ್ ಮಾಡುತ್ತಾನೆ. ಆ ಮನೆಯವರು ಮುಂದಿನ ಒಂದೇ ಮನೆಗೆ. ಆ ಮನೆ ಅದರ ಮುಂದಿನದಕ್ಕೆ. ಯಾರೂ ಎರಡು ಫೋನ್ ಮಾಡಬೇಕಾಗಿಲ್ಲ. ಯಾರೂ 'ಬೇರೆಯವರು ಹೇಳಿರ್ತಾರೆ ಬಿಡು' ಎನ್ನುವಂತಿಲ್ಲ. ಪ್ರತಿ ಮನೆಯ ಬಾಗಿಲ ಹಿಂದೆ ಮೊಳೆಗೆ ಒಂದು ರಟ್ಟಿನ ಚೀಟಿ, ಅದರಲ್ಲಿ ಮುಂದಿನ ಮನೆಯವರ ಹೆಸರು, ನಂಬರು.

ಚೀಟಿ ಬರೆಯುವ ಕೆಲಸ ನನ್ನದು. ಅಕ್ಷರ ಗುಂಡಗಿದೆ, ಕನ್ನಡ ತಮಿಳು ಎರಡೂ ಬರುತ್ತದೆ, ಬಿಡುವೂ ಇದೆ ಎಂಬ ಮೂರು ಅರ್ಹತೆಯ ಮೇಲೆ. ನಮ್ಮ ಕಡೆ ಮನೆಯಲ್ಲಿ ಕನ್ನಡ ಆಡಿದರೂ ಓದಿದ್ದು ತಮಿಳಿನಲ್ಲಿ, ಹಾಗಾಗಿ ಹೆಸರನ್ನು ಎರಡು ಲಿಪಿಯಲ್ಲೂ ಬರೆಯುತ್ತಿದ್ದೆ. ಹದಿನಾಲ್ಕನೆಯ ಮನೆ, ಅಂದರೆ ಕೆರೆ ಏರಿಯ ಆಚೆ ಕಾಡಿಗೆ ಅಂಟಿಕೊಂಡಿರುವ ಕೊನೆಯ ಮನೆ, ನಮ್ಮ ರತ್ನಕ್ಕನದು. ಭಾವ ಹೊಸೂರಿನ ಕಾರ್ಖಾನೆಯೊಂದರಲ್ಲಿ ವಾಚ್‌ಮನ್, ಸಂಜೆ ಪಾಳಿ. ಆನೆ ಬರುವ ಹೊತ್ತಿಗೆ ಅವಳೊಬ್ಬಳೇ ಇರುತ್ತಾಳೆ, ಹೆಚ್ಚಾಗಿ ಹೊಲದಲ್ಲಿ.

ಹೋದ ವರ್ಷ ಹನ್ನೊಂದನೆಯ ಮನೆಯ ನಂಜಮ್ಮನವರ ಹೊಲದ ಪಕ್ಕ ಯಾರೋ ಲೈನ್ ಮನೆ ಕಟ್ಟಿಸಿದರು. ಒಂದೇ ಗೋಡೆಗೆ ಅಂಟಿದ ಐದು ಬಾಡಿಗೆ ಮನೆ. ಹೊಸೂರಿನ ಕಾರ್ಖಾನೆಗಳಿಗೆ ಹೋಗುವ ಐದು ಕುಟುಂಬ ಬಂದವು, ಹೆಚ್ಚಿನವರು ರಾಯಚೂರು ಕಡೆಯವರು. ಅವರಿಗೂ ಆನೆಯ ಸುದ್ದಿ ಮುಟ್ಟಬೇಕಲ್ಲ. ನಂಜಮ್ಮನವರ ನಂತರ, ಕೆರೆಯಾಚೆ ಹನ್ನೆರಡನೆಯ ಮನೆಯ ಚಿನ್ನಪ್ಪನಿಗೆ ಮುಂಚೆ, ಈ ಐದನ್ನು ಸೇರಿಸುವುದೆಂದು ನಾನೇ ತೀರ್ಮಾನಿಸಿದೆ.

"ಊರು ಗೊತ್ತಿಲ್ದೋರ್ನ ನಡುವೆ ಯಾಕ್ ಸೇರುಸ್ತೀರಣ್ಣ?" ಎಂದ ಚಿನ್ನಪ್ಪ.

"ಆನೆಗೆ ಊರು ಗೊತ್ತಲ್ಲಪ್ಪ, ಸಾಕು" ಎಂದೆ. ಈ ಉತ್ತರ ನನಗೆ ಬಹಳ ಇಷ್ಟವಾಯಿತು. ಮನೆಗೆ ಹೋಗಿ ಹೆಂಡತಿಗೂ ಹೇಳಿದೆ.

ಒಂದು ಸಂಜೆ ಚೀಟಿಗಳ ಕಟ್ಟು ಹಿಡಿದು ಹೊರಟೆ. ಮೊದಲು ನಂಜಮ್ಮನವರ ಮನೆ. ಬಾಗಿಲ ಹಿಂದಿನ ಹಳೆಯ ಚೀಟಿ ಕಿತ್ತು ಹೊಸದನ್ನು ಸಿಕ್ಕಿಸಿದೆ. "ಹಳೇದು ಕೊಡಿಲ್ಲಿ, ಸೋಪಿನ ರಟ್ಟು ಚೆನ್ನಾಗಿ ಉರೀತದೆ" ಎಂದು ಅವರು ಅದನ್ನು ಬಚ್ಚಲ ಒಲೆಗೆ ಹಾಕಿದರು. ಅಲ್ಲಿಂದ ಲೈನ್ ಮನೆಗಳು: ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಹೀಗೆ ಐದನೆಯದರವರೆಗೆ. ಐದನೆಯ ಮನೆ ಬಸವರಾಜನದು. ಮೂವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಹೆಂಡತಿ, ನಡೆಯಲು ಕಲಿಯುತ್ತಿದ್ದ ಮಗಳು. ಅವನ ಚೀಟಿಯಲ್ಲಿ 'ಮುಂದೆ: ಚಿನ್ನಪ್ಪ' ಎಂದು ಬರೆದು ಪೆನ್ನು ನಿಲ್ಲಿಸಿದೆ. ಚಿನ್ನಪ್ಪ ತಿಂಗಳ ಹಿಂದೆ ನಂಬರು ಬದಲಾಯಿಸಿದ್ದ. ಹೊಸ ನಂಬರನ್ನು ನಾನು ಬರೆದುಕೊಟ್ಟಿದ್ದುದು ಒಂದೇ ಕಡೆ, ನಂಜಮ್ಮನವರ ಹಳೆಯ ಚೀಟಿಯಲ್ಲಿ. ಅದು ಆಗಲೇ ನೀರು ಕಾಯಿಸುತ್ತಿತ್ತು.

"ನಾಳೆ ಬೆಳಿಗ್ಗೆ ಕೇಳ್ಕೊಂಡು ಬಂದು ಬರೀತೀನಿ ಬಸವರಾಜು" ಎಂದೆ.

"ಆತ್ರಿ ಸರ."

ಮರುದಿನ ಬೆಳಿಗ್ಗೆ ಬೇರೆ ಏನೋ ಕೆಲಸ ಬಂತು. ಅದೇನೆಂದು ಈಗ ನೆನಪಿಲ್ಲ. ನೆನಪಿರಬೇಕಾದಷ್ಟು ದೊಡ್ಡದಾಗಿರಲಿಲ್ಲ ಎಂಬುದೇ ಇಲ್ಲಿ ದಾಖಲಿಸಬೇಕಾದ ಸಂಗತಿ.

ಮೂರನೆಯ ದಿನ ಸಂಜೆ ಐದು ಆನೆ, ಜೊತೆಗೊಂದು ಮರಿ, ಕೆರೆ ಕಡೆ ಇಳಿದವು. ಗೋಪಾಲಣ್ಣ ಫೋನ್ ಮಾಡಿದ. ಸಾಲು ಓಡಿತು. ನನ್ನ ಮನೆಗೆ ಬಂತು. ಹೆಂಡತಿ ಚೀಟಿ ನೋಡಿ ಮುಂದಕ್ಕೆ ದಾಟಿಸಿದಳು. ಅಕ್ಕನಿಗೆ ನೇರವಾಗಿ ಮಾಡೋಣವೆಂದು ಅವಳಿಗೂ ಅನ್ನಿಸಲಿಲ್ಲ. ಸಾಲು ಮುಟ್ಟಿಸುತ್ತದೆ ಎಂದಮೇಲೆ ಮುಟ್ಟಿಸುತ್ತದೆ. ನಂಜಮ್ಮ ಲೈನ್ ಮನೆಗೆ ಮಾಡಿದರು. ಐದು ಮನೆ ಎರಡು ನಿಮಿಷದಲ್ಲಿ ಮುಗಿಯಿತು. ಬಸವರಾಜ ಫೋನ್ ಹಿಡಿದು ಚೀಟಿಯ ಮುಂದೆ ನಿಂತ. ಹೆಸರಿದೆ, ನಂಬರಿಲ್ಲ. ಊರಿಗೆ ಬಂದು ಮೂರು ವಾರ. ಚಿನ್ನಪ್ಪ ಯಾರೆಂದೇ ತಿಳಿಯದು. ನನಗೆ ನಾಲ್ಕು ಸಲ ಮಾಡಿದ. ನಾನು ಕೃಷ್ಣಗಿರಿಯಲ್ಲಿ ಒಂದು ಪತ್ರಿಕಾಗೋಷ್ಠಿಯಲ್ಲಿದ್ದೆ, ಫೋನನ್ನು ಸದ್ದಡಗಿಸಿ ಜೇಬಿನಲ್ಲಿಟ್ಟು. ನಂಜಮ್ಮನವರ ಮನೆಗೆ ಓಡಿದ. "ಚೀಟಿ ನೋಡ್ಕೊಂಡೇ ಒತ್ತಿದ್ದು ಕಣಪ್ಪ, ಚೀಟಿ ಎಲ್ಲೈತೆ ಈಗ" ಎಂದರು ಅವರು. ತಾನೇ ಹೋಗಿ ಹೇಳುತ್ತೇನೆಂದು ಏರಿ ಕಡೆ ಹೊರಟವನ ತೋಳು ಹಿಡಿದು ನಿಲ್ಲಿಸಿದವರೂ ಅವರೇ. ಆನೆಗಳು ಆಗಲೇ ಏರಿಯ ಮೇಲಿದ್ದವು. ಅವನು ತಟ್ಟೆ ಬಡಿದು ಕೂಗಿದ. ಕೆರೆಯ ಆಚೆಗೆ ಕೇಳಿಸಲಿಲ್ಲ.

ಚಿನ್ನಪ್ಪ, ಅವನ ತಮ್ಮ, ನಮ್ಮ ಅಕ್ಕ, ಈ ಮೂರು ಮನೆಗೆ ಸುದ್ದಿ ಹೋಗಲಿಲ್ಲ. ಮೊದಲಿಬ್ಬರು ಮನೆಯೊಳಗಿದ್ದರು. ಅಕ್ಕ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಹೊಲದಿಂದ ಬರುತ್ತಿದ್ದಳು. ಫೋನು ಸೊಂಟದಲ್ಲಿತ್ತು, ಸುಮ್ಮನಿತ್ತು. ಆಮೇಲೆ ಅವಳು ಹೇಳಿದ್ದು: "ಮರ ಅಲ್ಲಾಡ್ತಾ ಐತಲ್ಲ ಅಂದ್ಕೊಂಡೆ. ನೋಡ್ತಾ ನೋಡ್ತಾ ಮರ ನಡ್ಕೊಂಡೇ ಬಂತು." ಹೊರೆ ಬಿಸಾಕಿ ಮೋಟರ್ ಮನೆಗೆ ನುಗ್ಗಿ ಬಾಗಿಲು ಹಾಕಿಕೊಂಡಳು. ಒಂದೂವರೆ ಗಂಟೆ. ಒಂದು ಆನೆ ಹೊರಗಿನ ಪೈಪು ಮುರಿಯಿತು. ಗೋಡೆಗೆ ಮೈ ಉಜ್ಜಿತು. ಕೊನೆಗೆ ಗೋಪಾಲಣ್ಣನ ಕಡೆಯವರು ಓಡಿಸಿದಾಗ ಮೊಣಕೈ ತರಚಿಕೊಂಡು ಹೊರಗೆ ಬಂದಳು. "ನನ್ ಹಸೀನ್ ಹುಲ್ಲೆಲ್ಲ ತಿಂದ್ಬುಟ್ಟವೆ" ಎಂದು ಬೈದಳಂತೆ.

ಮರುದಿನ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಎಲ್ಲರೂ ಸೇರಿದ್ದರು. ನಮ್ಮಲ್ಲಿ ಯಾವ ತೀರ್ಮಾನವಾದರೂ ಆಗುವುದು ಅಲ್ಲೇ, ಕ್ಯಾನು ಕೈಯಲ್ಲಿರುವಾಗ. ಬಸವರಾಜ ಮಗಳಿಗೆ ಹಾಲು ಕೊಳ್ಳಲು ಬಂದಿದ್ದ.

"ನಿಂಗೆ ಫೋನ್ ಬಂತೇನಯ್ಯಾ?" ಚಿನ್ನಪ್ಪ ಕೇಳಿದ.

"ಬಂತ್ರಿ."

"ಮತ್ತೆ ಮುಂದಕ್ಕೆ ಯಾಕೆ ಮಾಡ್ಲಿಲ್ಲ?"

ಬಸವರಾಜ ಒಮ್ಮೆ ನನ್ನ ಕಡೆ ನೋಡಿದ. "ತಪ್ಪಾತ್ರಿ" ಎಂದ.

"ತಪ್ಪಾತಂತೆ! ಆಯಮ್ಮ ಹೋಗ್ಬುಟ್ಟಿದ್ರೆ? ಗೋಪಾಲಣ್ಣ, ಆ ಐದು ಮನೇನ ತೆಗ್ದಾಕು. ನಂಜಮ್ಮಕ್ಕ ಮೊದ್ಲಿನಂಗೆ ನಂಗೇ ಮಾಡ್ಲಿ. ಅವ್ರ್ ಪಾಡು ಅವ್ರು ನೋಡ್ಕೊಳ್ಳಿ."

ಎರಡು ಮೂರು ತಲೆಗಳು ಹೌದೆಂದು ಆಡಿದವು. ಆ ಐದು ಮನೆಗೆ ಇನ್ನು ಮೇಲೆ ಯಾರೂ ಹೇಳುವುದಿಲ್ಲ ಎಂಬ ಹಂತಕ್ಕೆ ಮಾತು ಬಂದಿತ್ತು. ಐದು ಮನೆ, ಕಾಡಿನಿಂದ ಕೂಗಳತೆ, ಆರೇಳು ಮಕ್ಕಳು.

ಪತ್ರಿಕೆಯಲ್ಲಿ ನಾವು ತಪ್ಪು ಮಾಡಿದರೆ ತಿದ್ದುಪಡಿ ಹಾಕುತ್ತೇವೆ. ತಪ್ಪು ಮೊದಲ ಪುಟದಲ್ಲಾಗಿರುತ್ತದೆ, ತಿದ್ದುಪಡಿ ಒಳಪುಟದ ಕೆಳಗಿನ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ. ನಾನೂ ಅಂಥ ಒಂದು ಮೂಲೆಗಾಗಿ ಸುತ್ತ ನೋಡಿದೆ. ಆಮೇಲೆ ಗೋಪಾಲಣ್ಣನನ್ನು ಪಕ್ಕಕ್ಕೆ ಕರೆದು ಹೇಳಬಹುದು, ಅಕ್ಕನಿಗೊಬ್ಬಳಿಗೆ ಹೇಳಬಹುದು. ಒಬ್ಬರು ಮಾತಾಡಿ ಇನ್ನೊಬ್ಬರು ಶುರು ಮಾಡುವವರೆಗೂ ಸುಮ್ಮನಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಹಾಲಿನ ಡೈರಿಗೆ ಒಳಪುಟ ಇಲ್ಲ.

"ಚಿನ್ನಪ್ಪಾ, ಅವನ ಚೀಟಿಯಲ್ಲಿ ನಿನ್ನ ನಂಬರೇ ಇಲ್ಲ" ಎಂದೆ. "ನಾಳೆ ಬರೀತೀನಿ ಅಂದು ಬಂದೆ. ಬರೀಲಿಲ್ಲ. ಅವನು ನನಗೆ ನಾಲ್ಕು ಸಲ ಫೋನ್ ಮಾಡಿದ್ದಾನೆ, ನಾನು ಎತ್ತಲಿಲ್ಲ. ತಪ್ಪು ನನ್ನದು."

ಹಾಲು ಅಳೆಯುತ್ತಿದ್ದವನ ಕೈ ನಿಂತಿತು. ಚಿನ್ನಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪೇಪರ್‌ನೋರು ನೀವು" ಎಂದಷ್ಟೇ ಹೇಳಿದ. ಇಡೀ ವೃತ್ತಿಜೀವನದಲ್ಲಿ ನನ್ನ ಮೇಲೆ ಬಂದ ಟೀಕೆಗಳಲ್ಲಿ ಇದಕ್ಕಿಂತ ಚಿಕ್ಕದು, ಇದಕ್ಕಿಂತ ಸಮರ್ಪಕವಾದದ್ದು ಇನ್ನೊಂದಿಲ್ಲ. ಆದರೂ ಅವನು ಪಟ್ಟು ಬಿಡಲಿಲ್ಲ. "ಯಾರ್ ತಪ್ಪಾದ್ರೂ ಆಗ್ಲಿ, ಹಳೇ ಸಾಲೇ ಸಾಕು. ಉದ್ದ ಆದಷ್ಟೂ ಕಿತ್ಕೊಳ್ತದೆ."

ಅಷ್ಟು ಹೊತ್ತಿಗೆ ಅಕ್ಕ ಬಂದಳು. ಮೊಣಕೈಗೆ ಅರಿಶಿನದ ಬಟ್ಟೆ ಕಟ್ಟಿ, ಇನ್ನೊಂದು ಕೈಯಲ್ಲಿ ಕ್ಯಾನು. ನಾನು ಹೇಳಿದ್ದು ಅವಳಿಗೆ ಕೇಳಿಸಿತ್ತು.

"ಎಷ್ಟು ವರ್ಷದಿಂದ ಪೇಪರಲ್ಲಿದೀಯ ನೀನು?" ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಚಿನ್ನಪ್ಪನ ಕಡೆ ತಿರುಗಿದಳು.

"ಮೋಟರ್ ಮನೇಲಿ ನಿಂತಿದ್ದು ನೀನಾ, ನಾನಾ?"

"ನೀನೇ ಕಣಕ್ಕ, ಅದುಕ್ಕೇ..."

"ಹಂಗಾದ್ರೆ ನಾನ್ ಹೇಳ್ತೀನಿ ಕೇಳು. ಅಲ್ಲಿ ನಿಂತಾಗ ಏನ್ ಅನ್ನಿಸ್ತು ಗೊತ್ತಾ? ಊರಿಗೆಲ್ಲ ಗೊತ್ತೈತೆ, ನಂಗೊಬ್ಳಿಗೆ ಗೊತ್ತಿಲ್ಲ ಅಂತ. ಅದನ್ನ ಆ ಲೈನ್ ಮನೇವ್ರಿಗೆ ದಿನಾ ಮಾಡಾಣ ಅಂತೀಯಾ? ಇವ್ನ ಮಗ ಇನ್ನೂ ನೆಟ್ಟಗೆ ನಡ್ಯಲ್ಲ." ಹುಡುಗಿಯನ್ನು ಮಗ ಎನ್ನುವುದು ಅವಳ ಅಕ್ಕರೆ. "ಇನ್ನೊಂದ್ ವಿಷ್ಯ. ಕೊನೇಲಿ ಇರೋಳು ನಾನು. ಫೋನ್ ಬಂದಿಲ್ಲ ಅಂತ ನಾನು ಯಾರ್ಗೆ ಹೇಳ್ಲಿ? ಬಂದಿಲ್ಲ ಅನ್ನೋದು ಗೊತ್ತಾದ್ರೆ ತಾನೆ ಹೇಳಾದು? ನಂಗೆ ಬಂದ್ಮೇಲೆ ನಾನು ಗೋಪಾಲಣ್ಣಂಗೆ ಮಾಡ್ತೀನಿ. ನನ್ ಫೋನ್ ಬರ್ಲಿಲ್ಲ ಅಂದ್ರೆ ನಡುವೆ ಎಲ್ಲೋ ಕಿತ್ಕೊಂಡೈತೆ ಅಂತ ಅವ್ನು ತಿಳ್ಕೊಳ್ಳಿ."

ಗೋಪಾಲಣ್ಣ ತಲೆಯಾಡಿಸಿದ. ಅವಳು ಇನ್ನೂ ಮುಗಿಸಿರಲಿಲ್ಲ.

"ಮತ್ತೆ, ನಂಗೆ ಫೋನ್ ಮಾಡಾದು ಇವ್ನೇ ಮಾಡ್ಲಿ" ಎಂದು ಬಸವರಾಜನ ಕಡೆ ಗಲ್ಲ ಎತ್ತಿ ತೋರಿಸಿದಳು. "ನನ್ ತಮ್ಮನ್ ಮಾನ ಉಳ್ಸಕ್ಕೆ ಬಾಯ್ ಮುಚ್ಕೊಂಡಿದ್ದ. ನನ್ ಜೀವ ಉಳ್ಸಕ್ಕೆ ಬಾಯ್ ಬುಡಲ್ವಾ?"

ಯಾರೋ ನಕ್ಕರು. ಚಿನ್ನಪ್ಪನೂ ಕ್ಯಾನಿನ ಮುಚ್ಚಳ ಬಿಗಿ ಮಾಡುವ ನೆಪದಲ್ಲಿ ಮುಖ ತಗ್ಗಿಸಿದ. ಐದು ಮನೆ ಉಳಿದವು.

ದಾರಿಯಲ್ಲಿ ಬಸವರಾಜನನ್ನು ಕೇಳಿದೆ, ಯಾಕಯ್ಯಾ ಹೇಳಲಿಲ್ಲ ಎಂದು. "ನೀವು ಊರಾಗ ದೊಡ್ಡೋರು ಸರ. ನಾ ಬಂದು ಮೂರು ವಾರ ಆತು. ನಾ ಹೇಳಿದ್ರ ಚೀಟಿ ನಾನೇ ಅಳಿಸೀನಿ ಅಂತಿದ್ರು" ಎಂದ. ಅವನು ಅಂದದ್ದು ಬಹುಶಃ ಸರಿ.

ಆವತ್ತೇ ಹೊಸದಾಗಿ ಬರೆದೆ. ನಂಜಮ್ಮನವರಿಂದ ಚಿನ್ನಪ್ಪನಿಗೆ, ಅವನಿಂದ ಅವನ ತಮ್ಮನಿಗೆ, ತಮ್ಮನಿಂದ ಲೈನ್ ಮನೆಗಳಿಗೆ, ಬಸವರಾಜನಿಂದ ಅಕ್ಕನಿಗೆ. ಫೋನು ಕೆರೆ ದಾಟಿ ಹೋಗಿ, ವಾಪಸು ಬಂದು, ಮತ್ತೆ ದಾಟುತ್ತದೆ. ನಕ್ಷೆ ಹಾಕಿದರೆ ಹುಚ್ಚುಚ್ಚಾಗಿ ಕಾಣುತ್ತದೆ. ಕೆಲಸಕ್ಕೆ ಏನೂ ಅಡ್ಡಿಯಿಲ್ಲ. ಮೊದಲು ನಂಜಮ್ಮನವರ ಚೀಟಿಗೆ ಚಿನ್ನಪ್ಪನ ನಂಬರು ಮರಳಿ ಹಾಕಿ ಹಳೆಯ ಸಾಲನ್ನು ಸರಿಮಾಡಿಕೊಂಡೆ. ಈ ಸಲ ಹೊಸಬರಲ್ಲಿ ಮೊದಲು ಬರೆದದ್ದು ಬಸವರಾಜನ ಚೀಟಿ, ಅಕ್ಕನ ನಂಬರಿನೊಂದಿಗೆ. ಅವನು ಒಮ್ಮೆ ಒತ್ತಿ ನೋಡಿ, ಅಕ್ಕ ಎತ್ತಿ 'ಏನು' ಎಂದ ಮೇಲೆ ಮುಂದಿನ ಕೆಲಸ. ಉಳಿದ ಲೈನ್ ಮನೆಗಳದು ಆಮೇಲೆ. ಚಿನ್ನಪ್ಪನ ತಮ್ಮನ ಹಳೆಯ ಚೀಟಿ ಕಿತ್ತದ್ದು ಎಲ್ಲಕ್ಕಿಂತ ಕೊನೆಗೆ. ಹೀಗೆ ಮಾಡಿದರೆ ಕೆಲಸದ ನಡುವೆ ಯಾವ ಗಳಿಗೆಯಲ್ಲಿ ಆನೆ ಬಂದರೂ ಹಳೆಯ ಮನೆ ಒಂದೂ ತಪ್ಪಿಹೋಗುವುದಿಲ್ಲ. ಈ ಮಾತನ್ನು ಈಗ ನಾನು ಯಾವ ಕಾಲೇಜಿನಲ್ಲಿ ಬೇಕಾದರೂ ನಿಂತು ಹೇಳಬಲ್ಲೆ.

ಶೈಲಾಗೆ ಇದೆಲ್ಲ ಗೊತ್ತಿದ್ದದ್ದೇ. ಭಾನುವಾರ ಅವಳು ಕೇಳಿದ್ದು ಬೇರೆ: "ನಾಳೆ ಕ್ಲಾಸಲ್ಲಿ ಇದನ್ನ ಹೇಳ್ಲಾ ಮಾಮ? ಹೆಸರು ಹೇಳಲ್ಲ."

"ಹೆಸರು ಹಾಕೇ ಹೇಳು" ಎಂದೆ. "ಹೆಸರಿಲ್ಲದ ತಿದ್ದುಪಡಿಯನ್ನ ಯಾರೂ ನಂಬಲ್ಲ."

ಅವಳು ಐದೂವರೆಯ ಬಸ್ಸಿಗೆ ಹೊರಟಳು. ನಾನು ಅವರೆಕಾಳಿನ ಸಾರಿಗೆಂದು ಉಳಿದೆ. ಹೊತ್ತು ಮುಳುಗುವ ಸಮಯಕ್ಕೆ ಅಕ್ಕನ ಸೊಂಟದಲ್ಲಿ ಫೋನು ಬಡಿದುಕೊಂಡಿತು. ಅವಳು ಕಾಳಿನ ಕೈಯನ್ನು ಸೆರಗಿಗೆ ಒರೆಸಿ ಎತ್ತಿದಳು. ಆಚೆಯವನ ದನಿ ನನಗೂ ಕೇಳುವಷ್ಟು ದೊಡ್ಡದಾಗಿತ್ತು.

"ಅಮ್ಮಾರ, ಆನಿ ಬಂದಾವ್ರಿ. ಏರಿ ಮ್ಯಾಲ ಮೂರು. ಹೊರಗ ಬರಬ್ಯಾಡ್ರಿ."

"ಮನೇಲೇ ಇದೀನಿ ಕಣಪ್ಪ. ಮಗೀನ ಒಳಕ್ಕೆ ಎತ್ಕೊಂಡ್ಯಾ?"

"ಎತ್ಕೊಂಡೀನ್ರಿ."

"ಬಾಗ್ಲು?"

"ಹಾಕೀನ್ರಿ ಅಮ್ಮಾರ."

"ಹ್ಞೂಂ. ಇಡು, ನಾನಿನ್ನೂ ಒಬ್ರಿಗೆ ಮಾಡ್ಬೇಕು" ಎಂದು ಅವಳು ಗೋಪಾಲಣ್ಣನ ನಂಬರು ಒತ್ತತೊಡಗಿದಳು.